ನಾಲ್ಕಾಣೆ ಸದಸ್ಯ, ಮಿಸ್ಡ್ ಕಾಲ್ ಸದಸ್ಯ

ನೂರು ವರ್ಷಗಳ ಹಿಂದೆ ಜನ ನಾಲ್ಕಾಣೆ ಕೊಟ್ಟು ಪಕ್ಷದೊಳಕ್ಕೆ ಬರುತ್ತಿದ್ದರು. ಈಗ ಪಕ್ಷವೇ ಮತದಾರರ ಪಟ್ಟಿಯ ಹಾಳೆ ಹಿಡಿದು ಜನರ ಮನೆ ಬಾಗಿಲಿಗೆ ಬರುತ್ತದೆ. ಮತದಾರನ ಜಾತಕವೆಲ್ಲ ಪಕ್ಷಕ್ಕೆ ಗೊತ್ತು. ಪಕ್ಷದೊಳಗೆ ಮತದಾರನ ಮಾತು ಎಷ್ಟು ನಡೆಯುತ್ತದೆ?

ಮತದಾನದ ದಿನ ಬೆಳಕು ಹರಿಯುವ ಹೊತ್ತಿಗೆ ಊರ ಸರ್ಕಾರಿ ಶಾಲೆಯಿಂದ 100 ಮೀಟರ್ ಆಚೆ, ರಸ್ತೆಯ ಎರಡೂ ಬದಿಯಲ್ಲಿ, ಟಾರ್ಪಾಲಿನ ನೆರಳಿನಡಿ ಒಂದೊಂದು ಮೇಜು, ಎರಡೆರಡು ಕುರ್ಚಿ ಸಿದ್ಧವಾಗಿರುತ್ತವೆ. ಚುನಾವಣಾ ಆಯೋಗದ ನಿಯಮ ಅಷ್ಟಕ್ಕೇ ಅನುಮತಿ ಕೊಡುತ್ತದೆ. ಮೇಜಿನ ಮೇಲೆ ಹರಡಿದ ಮತದಾರರ ಪಟ್ಟಿಯ ಹಾಳೆಗಳು ವಾರಗಟ್ಟಲೆ ಕೈಯಿಂದ ಕೈಗೆ ದಾಟಿ ಅಂಚು ಮಡಚಿಕೊಂಡಿರುತ್ತವೆ. ಬಂದವರ ಹೆಸರು ಕೇಳಿ, ಕ್ರಮಸಂಖ್ಯೆ ಹುಡುಕಿ, ಬಿಳಿ ಚೀಟಿಯಲ್ಲಿ ಬರೆದುಕೊಡುವ ಕಾರ್ಯಕರ್ತನು, ಚೀಟಿಯ ಮೇಲೆ ಪಕ್ಷದ ಹೆಸರಾಗಲಿ ಚಿಹ್ನೆಯಾಗಲಿ ಇರಕೂಡದೆಂಬ ಕಟ್ಟುಪಾಡು ಇರುವುದರಿಂದ, ಹೇಳಬೇಕಾದುದನ್ನು ಒಂದು ನಗುವಿನಲ್ಲಿ ಹೇಳಿ ಮುಗಿಸುತ್ತಾನೆ.

ಮಧ್ಯಾಹ್ನ ಎರಡರ ಸುಮಾರಿಗೆ ಅದೇ ಮೇಜಿನ ಸುತ್ತ ಲೆಕ್ಕಾಚಾರ ಬಿಗಿಯಾಗುತ್ತದೆ. ಪಟ್ಟಿಯಲ್ಲಿ ಇನ್ನೂ ಗೀಟು ಬೀಳದ ಹೆಸರುಗಳು ಯಾವ ಬೀದಿಯವು, ಅವರಲ್ಲಿ ನಮ್ಮವರು ಎಷ್ಟು, ಯಾರ ಮನೆಗೆ ಯಾರು ಹೋಗಿ ಕರೆದರೆ ಬಂದಾರು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ದೂರದರ್ಶನದ ಚರ್ಚೆಗಳಲ್ಲಿ ಪ್ರತಿ ಚುನಾವಣೆಗೂ ಕೇಳಿಬರುವ ‘ಬೂತ್ ಮಟ್ಟದ ಸಂಘಟನೆ’ ಎಂಬ ಮಾತು ನೆಲದ ಮೇಲೆ ಕಣ್ಣಿಗೆ ಕಾಣುವುದು ಹೀಗೆ.

ಆದರೆ ಪಕ್ಷವೆಂದರೆ ಹೆಸರುಗಳ ಪಟ್ಟಿ ಎಂಬ ಸ್ಥಿತಿ ಮೊದಲಿನಿಂದಲೂ ಇದ್ದುದಲ್ಲ.

ಕಾಸು ಕೊಟ್ಟವನೇ ಕಾಂಗ್ರೆಸಿಗ

1885ರಲ್ಲಿ ಮುಂಬೈಯಲ್ಲಿ 72 ಪ್ರತಿನಿಧಿಗಳೊಡನೆ ಹುಟ್ಟಿದ ಕಾಂಗ್ರೆಸ್ ಸಂಸ್ಥೆ ಮುಂದಿನ ಮೂರೂವರೆ ದಶಕ ಕಾಲ ವರ್ಷಕ್ಕೊಮ್ಮೆ ಸೇರಿ, ಠರಾವು ಮಾಡಿ, ಚದುರುವ ವಕೀಲರ ಮತ್ತು ಗಣ್ಯರ ಸಭೆಯಾಗಿಯೇ ಉಳಿದಿತ್ತು. ಫ್ರೆಂಚ್ ವಿದ್ವಾಂಸ ಮೊರಿಸ್ ಡ್ಯುವರ್ಜೆ 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಸಂಘಟನೆಗೆ ಕಾಡರ್ ಪಕ್ಷ ಎಂಬ ಹೆಸರನ್ನು ಕೊಟ್ಟಿದ್ದಾನೆ. ನಮ್ಮಲ್ಲಿ ಕಾಡರ್ ಎಂದರೆ ಶಿಸ್ತಿನ ಕಾರ್ಯಕರ್ತರ ಪಡೆ. ಅವನ ಬರಹದಲ್ಲಿ ಮಾತ್ರ ಅದು, ಸದಸ್ಯರ ಸಂಖ್ಯೆಗಿಂತ ಕೆಲವೇ ಗಣ್ಯರ ಪ್ರಭಾವವನ್ನು ನೆಚ್ಚಿಕೊಂಡ ಪಕ್ಷ.

1920ರ ಡಿಸೆಂಬರಿನ ನಾಗಪುರ ಅಧಿವೇಶನ ಈ ಸ್ವರೂಪವನ್ನು ಬದಲಿಸಿತು. ಗಾಂಧೀಜಿ ರೂಪಿಸಿದ ಹೊಸ ಸಂವಿಧಾನದ ಪ್ರಕಾರ, ವರ್ಷಕ್ಕೆ ನಾಲ್ಕಾಣೆ ಕೊಟ್ಟು ಪಕ್ಷದ ಧ್ಯೇಯಕ್ಕೆ ಒಪ್ಪಿಗೆ ಸೂಚಿಸುವ ಯಾವ ವಯಸ್ಕನೂ ಸದಸ್ಯನಾಗಬಹುದಿತ್ತು. ಹಳ್ಳಿಯಿಂದ ತಾಲ್ಲೂಕು, ಜಿಲ್ಲೆ, ಪ್ರಾಂತಗಳ ಮೂಲಕ ಅಖಿಲ ಭಾರತ ಸಮಿತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಸಮಿತಿಗಳು ಏರ್ಪಟ್ಟವು. ಪ್ರಾಂತ ಸಮಿತಿಗಳನ್ನು ಬ್ರಿಟಿಷರ ಆಡಳಿತ ಗಡಿಗಳ ಬದಲು ಭಾಷೆಯ ಆಧಾರದ ಮೇಲೆ ಕಟ್ಟಲಾಯಿತು. ಮುಂಬೈ ಮತ್ತು ಮದರಾಸು ಪ್ರಾಂತಗಳಲ್ಲಿ, ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳಲ್ಲಿ, ಕೊಡಗಿನಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಸರ್ಕಾರದ ನಕಾಶೆಯಲ್ಲಿ 1956ರಲ್ಲಿ ಸಿಕ್ಕ ಒಂದು ನಾಡು ಪಕ್ಷದ ನಕಾಶೆಯಲ್ಲಿ ಮೂರು ದಶಕಕ್ಕೂ ಮೊದಲೇ ಸಿಕ್ಕಿದ್ದು ಹೀಗೆ.

ಮರುವರ್ಷ ಬೆಜವಾಡದಲ್ಲಿ ಸೇರಿದ ಅಖಿಲ ಭಾರತ ಸಮಿತಿ ಒಂದು ಕೋಟಿ ಸದಸ್ಯರು, ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, 20 ಲಕ್ಷ ಚರಕಗಳು ಎಂಬ ಗುರಿಯನ್ನು ಇಟ್ಟುಕೊಂಡಿತು. ಸದಸ್ಯ, ಹಣ, ದುಡಿಮೆ ಮೂರನ್ನೂ ಜನರಿಂದಲೇ ಪಡೆಯಬೇಕೆಂಬ ಈ ಹಟದಲ್ಲಿ ಪಕ್ಷದ ನೈತಿಕ ಬಲ ಅಡಗಿತ್ತು.

ಆ ಹಟ ತುದಿ ಮುಟ್ಟಿದ್ದು ಬೆಳಗಾವಿಯಲ್ಲಿ. 1924ರ ಡಿಸೆಂಬರಿನಲ್ಲಿ ಗಂಗಾಧರರಾವ್ ದೇಶಪಾಂಡೆ ಅವರ ಮುಂದಾಳತ್ವದಲ್ಲಿ, ನಾ.ಸು. ಹರ್ಡೀಕರರ ಸೇವಾದಳದ ಸ್ವಯಂಸೇವಕರ ದುಡಿಮೆಯ ಮೇಲೆ ನಡೆದ ಆ ಅಧಿವೇಶನ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವೆಂದು ಪಠ್ಯಪುಸ್ತಕಗಳಲ್ಲಿ ನೆನಪಾಗುತ್ತದೆ. ಅಲ್ಲಿ ಅಂಗೀಕಾರವಾದ ಒಂದು ವಿಚಿತ್ರ ನಿಯಮವನ್ನು ಮಾತ್ರ ಶತಮಾನೋತ್ಸವದ ಗದ್ದಲದಲ್ಲಿಯೂ ಹೆಚ್ಚು ಜನ ಎತ್ತಿ ಆಡಲಿಲ್ಲ. ಸದಸ್ಯನಾಗಬೇಕಾದವನು ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು ಕೊಡಬೇಕು. ತಾನು ನೂಲಲಾರದವನು ಇನ್ನೊಬ್ಬರಿಂದ ನೂಲಿಸಿಯಾದರೂ ಕೊಡಬೇಕು.

2000 ಗಜವೆಂದರೆ ಸುಮಾರು 1.8 ಕಿಲೋಮೀಟರ್ ಉದ್ದದ ಎಳೆ. ಭಾಷಣಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಹೋಗುವವನಿಗೂ ಪ್ರತಿದಿನ ರಾಟೆಯ ಮುಂದೆ ಕೂರುವವನಿಗೂ ಇರುವ ವ್ಯತ್ಯಾಸವನ್ನು ಅಳೆಯಲು ಇದಕ್ಕಿಂತ ಕಟುವಾದ ಅಳತೆಗೋಲನ್ನು ಬೇರಾವ ಪಕ್ಷವೂ ಕಂಡುಹಿಡಿದಂತಿಲ್ಲ. ನಿಯಮ ಬಾಳಲಿಲ್ಲ; 1925ರ ಸೆಪ್ಟೆಂಬರಿನಲ್ಲಿ ಪಟ್ನಾದಲ್ಲಿ ಸೇರಿದ ಸಮಿತಿ ನಾಲ್ಕಾಣೆಯನ್ನು ಮರಳಿ ತಂದು, ನೂಲನ್ನು ಐಚ್ಛಿಕವಾಗಿಸಿತು. 1934ರಲ್ಲಿ ಗಾಂಧೀಜಿ ಸ್ವತಃ ಕಾಂಗ್ರೆಸ್ ಬಿಟ್ಟು, ನಾಲ್ಕಾಣೆಯ ಸದಸ್ಯರಾಗಿಯೂ ಉಳಿಯಲಿಲ್ಲ.

> ಹಾಡುವ ಸಂಘ, ಸೈಕಲ್ ಸಂಘ
>
> ಚಂದಾ ಕೊಡುವ ಸದಸ್ಯರ ಮೇಲೆ ನಿಂತ ಸಾಮೂಹಿಕ ಪಕ್ಷಕ್ಕೆ ಡ್ಯುವರ್ಜೆ ಕಂಡ ದೊಡ್ಡ ಮಾದರಿ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ. 1914ರ ಹೊತ್ತಿಗೆ ಅದರ ಸದಸ್ಯರು 10 ಲಕ್ಷ ದಾಟಿದ್ದರು. ಕಾರ್ಮಿಕನಿಗೆ ಪಕ್ಷದ ಪತ್ರಿಕೆ, ಪಕ್ಷದ ಹಾಡುಗಾರರ ಸಂಘ, ಪಕ್ಷದ ಸೈಕಲ್ ಸಂಘ ಎಲ್ಲವೂ ಇದ್ದವು. ಬರ್ಲಿನಿನಲ್ಲಿದ್ದ ಪಕ್ಷದ ಶಾಲೆಯಲ್ಲಿ ರೋಸಾ ಲಕ್ಸೆಂಬರ್ಗ್ ಪಾಠ ಹೇಳುತ್ತಿದ್ದರು.
>
> ಅದೇ ಪಕ್ಷದಲ್ಲಿದ್ದು ಹೊರಬಂದ ರಾಬರ್ಟ್ ಮಿಖೆಲ್ಸ್ 1911ರಲ್ಲಿ ಬರೆದ ಗ್ರಂಥದಲ್ಲಿ, ಸಂಘಟನೆ ಬೆಳೆದಷ್ಟೂ ಅದರ ಹಿಡಿತ ಮೇಲಿನ ಕೆಲವರ ಕೈ ಸೇರುವುದು ತಪ್ಪದೆಂದು ವಾದಿಸಿದ. ಸಮಾನತೆಯ ಪಕ್ಷವೇ ಹೀಗಾದರೆ ಉಳಿದವುಗಳ ಪಾಡೇನು ಎಂಬುದು ಅವನ ಪ್ರಶ್ನೆಯ ಮೊನೆ.

ಎತ್ತಿನ ಜೋಡಿ ಮತ್ತು ಊರ ಗೌಡ

1951ರ ಅಕ್ಟೋಬರಿನಿಂದ 1952ರ ಫೆಬ್ರವರಿವರೆಗೆ ನಡೆದ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17.3 ಕೋಟಿ ಮತದಾರರಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಓದು ಬರಹ ಬಾರದು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇರಿಸಿ, ಅದರ ಮೇಲೆ ಚಿಹ್ನೆ ಅಂಟಿಸುವ ವ್ಯವಸ್ಥೆ ಮಾಡಿದರು. ಕಾಂಗ್ರೆಸ್ಸಿಗೆ ನೊಗ ಹೊತ್ತ ಎತ್ತಿನ ಜೋಡಿ, ಜನಸಂಘಕ್ಕೆ ದೀಪ, ಸಮಾಜವಾದಿಗಳಿಗೆ ಆಲದ ಮರ, ಕಮ್ಯುನಿಸ್ಟರಿಗೆ ತೆನೆ ಮತ್ತು ಕುಡುಗೋಲು ಸಿಕ್ಕವು. ಹೆಸರು ಹೇಳಿಕೊಳ್ಳಲು ಒಪ್ಪದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪ್ರಜಾಪ್ರಭುತ್ವವೂ ಇಲ್ಲವೆಂಬ ಪಾಠವನ್ನು ಗಣರಾಜ್ಯ ಮೊದಲ ಹೆಜ್ಜೆಯಲ್ಲಿಯೇ ಕಲಿಯಿತು.

ಚಿಹ್ನೆ ಪಕ್ಷವನ್ನು ಕಣ್ಣಿಗೆ ಪರಿಚಯಿಸಿತು. ಮತವನ್ನು ಪೆಟ್ಟಿಗೆಯವರೆಗೆ ತಂದವರು ಬೇರೆ. ಮೈಸೂರಿನ ಬಳಿಯ ಹಳ್ಳಿಯೊಂದನ್ನು ‘ರಾಂಪುರ’ ಎಂಬ ಮರೆಹೆಸರಿನಲ್ಲಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, 1955ರ ಲೇಖನದಲ್ಲಿ ಇದನ್ನು ಗುರುತಿಸಿದರು. ಊರಿನ ಬಲಿಷ್ಠ ಕುಳಗಳು ತಮ್ಮ ಒಕ್ಕಲು, ಆಳು, ಸಾಲಗಾರರ ಮತಗಳನ್ನು ಹಿಡಿಯಲ್ಲಿ ಇಟ್ಟುಕೊಂಡಿದ್ದವು. ಪಕ್ಷವು ಆ ಕುಳವನ್ನು ಒಲಿಸಿದರೆ ಸಾಕು, ಮತಗಳು ಗುಂಪಾಗಿ ಬರುತ್ತಿದ್ದವು. ‘ವೋಟ್ ಬ್ಯಾಂಕ್’ ಎಂದು ಅವರು ಕರೆದದ್ದು ಈ ಏರ್ಪಾಡನ್ನು. ಇಂದು ಆ ಮಾತನ್ನು ಬೈಗುಳವಾಗಿ ಬಳಸುವವರಲ್ಲಿ ಎಷ್ಟೋ ಮಂದಿಗೆ ಅದರ ತವರು ಮೈಸೂರು ಸೀಮೆಯೆಂಬುದು ತಿಳಿದಿರಲಾರದು.

ಅಮೆರಿಕದ ವಿದ್ವಾಂಸ ಮೈರನ್ ವೀನರ್ ಕಾಂಗ್ರೆಸ್ ಸಂಘಟನೆಯನ್ನು ಅರಿಯಲು ಆರಿಸಿಕೊಂಡ ಐದು ಸ್ಥಳಗಳಲ್ಲಿ ಬೆಳಗಾವಿಯೂ ಒಂದಾಗಿತ್ತು. 1967ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಾಂಗ್ರೆಸ್ಸಿಗನ ನಿತ್ಯದ ಕೆಲಸ ಸಿದ್ಧಾಂತ ಪ್ರಚಾರವಲ್ಲ. ಕಚೇರಿಯಲ್ಲಿ ಸಿಕ್ಕಿಕೊಂಡ ಅರ್ಜಿಯನ್ನು ಸರಿಸುವುದು, ಜಗಳ ಬಿಡಿಸುವುದು, ಸರ್ಕಾರಕ್ಕೂ ಜನರಿಗೂ ನಡುವೆ ನಿಂತು ಮಾತನಾಡುವುದು. ಚುನಾವಣೆಗೆ ಮೊದಲು ಮಾತ್ರ ಬರುವವನಿಗಿಂತ ತಹಸೀಲ್ದಾರರ ಕಚೇರಿಯವರೆಗೆ ಜೊತೆಗೆ ಬರುವವನು ಮತದಾರನಿಗೆ ಹತ್ತಿರದವನಾದುದರಲ್ಲಿ ಆಶ್ಚರ್ಯವಿಲ್ಲ.

ಕಾಂಗ್ರೆಸ್ಸಿನ ಹೊರಗೆ ಬೇರೆ ದಾರಿಗಳು ತೆರೆದವು. 1949ರಲ್ಲಿ ಹುಟ್ಟಿದ ಡಿಎಂಕೆ ತಮಿಳುನಾಡಿನ ಚಹಾದಂಗಡಿ, ಕ್ಷೌರದಂಗಡಿ, ವಾಚನಾಲಯಗಳಲ್ಲಿ ಪತ್ರಿಕೆ ಗಟ್ಟಿಯಾಗಿ ಓದಿಸಿ, ಸಿನಿಮಾ ಪರದೆಯ ಮೇಲೆ ತನ್ನ ಮಾತನ್ನು ಆಡಿಸಿ, 1967ರಲ್ಲಿ ಅಧಿಕಾರ ಹಿಡಿಯಿತು. ಕಾನ್ಶೀರಾಮ್ ಅವರು 1978ರಲ್ಲಿ ಬಾಮ್ಸೆಫ್ ಎಂಬ ಸಂಘಟನೆಯ ಮೂಲಕ ಮೀಸಲಾತಿಯಿಂದ ಮೇಲೆ ಬಂದ ಸರ್ಕಾರಿ ನೌಕರರನ್ನು ಮೊದಲು ಕಲೆಹಾಕಿ, ಅವರ ಹಣ ಮತ್ತು ವಿದ್ಯೆಯ ಮೇಲೆ 1984ರಲ್ಲಿ ಬಹುಜನ ಸಮಾಜ ಪಕ್ಷವನ್ನು ಕಟ್ಟಿದರು. ಗೌಡನ ಹಿಡಿಯಲ್ಲಿದ್ದ ಮತವನ್ನು ಬಿಡಿಸಿಕೊಂಡ ದಾರಿಗಳಲ್ಲಿ ಇವು ಎರಡು ಮುಖ್ಯವಾದವು.

ಸಂಘಟನೆ ಒಬ್ಬರದು, ಜನ ಇನ್ನೊಬ್ಬರವರು

ಪಕ್ಷದ ಯಂತ್ರವನ್ನು ಕೈಯಲ್ಲಿಟ್ಟುಕೊಂಡವರು ಗೆಲ್ಲುತ್ತಾರೋ, ಮತದಾರನ ಜೊತೆ ನೇರವಾಗಿ ಮಾತನಾಡಬಲ್ಲವರು ಗೆಲ್ಲುತ್ತಾರೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆಯಲ್ಲಿ ಒಡಕು ಬಯಲಾಯಿತು. ಪಕ್ಷದ ಅಧ್ಯಕ್ಷ ಎಸ್. ನಿಜಲಿಂಗಪ್ಪ ಮತ್ತು ಅವರೊಡನಿದ್ದ ಹಿರಿಯರ ಕೈಯಲ್ಲಿ ಸಮಿತಿಗಳಿದ್ದವು. ಇಂದಿರಾ ಗಾಂಧಿಯವರ ಕೈಯಲ್ಲಿ ಸರ್ಕಾರವಿತ್ತು. ನವೆಂಬರಿನಲ್ಲಿ ಪಕ್ಷವು ಪ್ರಧಾನಿಯನ್ನು ಉಚ್ಚಾಟಿಸಿತು.

1971ರ ಚುನಾವಣೆಯಲ್ಲಿ ಇಂದಿರಾ ಅವರ ಕಾಂಗ್ರೆಸ್ 352 ಸ್ಥಾನ ಗೆದ್ದಿತು. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ ಸಿಕ್ಕಿದ್ದು 16; ಅವರ ಸ್ವಂತ ಮೈಸೂರು ರಾಜ್ಯದ 27 ಸ್ಥಾನಗಳೂ ಎದುರಾಳಿಯ ಪಾಲಾದವು. ದಶಕಗಳ ಕಾಲ ಕಟ್ಟಿದ ಸಮಿತಿಗಳ ಮೇಲೆ ‘ಗರೀಬಿ ಹಟಾವೋ’ ಎಂಬ ಎರಡು ಪದ ಗೆದ್ದ ಮೇಲೆ, ಸಮಿತಿಗಳನ್ನು ಚುನಾಯಿಸುವ ಗೋಜು ಯಾರಿಗೆ ಬೇಕಿತ್ತು? 1972ರ ನಂತರ ಕಾಂಗ್ರೆಸ್ಸಿನಲ್ಲಿ ಸಾಂಸ್ಥಿಕ ಚುನಾವಣೆ ನಡೆದದ್ದು 1992ರಲ್ಲಿ. ಆ ಇಪ್ಪತ್ತು ವರ್ಷ ಪದಾಧಿಕಾರಿಗಳು ಮೇಲಿನಿಂದ ನೇಮಕವಾದರು. ‘ಹೈಕಮಾಂಡ್’ ಸಂಸ್ಕೃತಿಯ ಬೇರು ಇಲ್ಲಿದೆ, ಮತ್ತು ಉಳಿದ ಪಕ್ಷಗಳು ಅದನ್ನು ದೂರುತ್ತಲೇ ಕಲಿತುಕೊಂಡವು.

ಈ ಹೊಸ ಕಾಲದಲ್ಲಿ ಪಕ್ಷವನ್ನೂ ಮತದಾರನನ್ನೂ ಕಟ್ಟಿಹಾಕುವ ಹಗ್ಗ ಸರ್ಕಾರದ ಯೋಜನೆಯಾಯಿತು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿಯಡಿ ಗೇಣಿದಾರ ‘ನಮೂನೆ 7’ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಆ ಮಂಡಳಿಗಳಲ್ಲಿ ಅಧಿಕಾರಿಯ ಜೊತೆ ಅಧಿಕಾರೇತರ ಸದಸ್ಯರೂ ಇದ್ದರು. ಭೂಮಿ ಪಡೆದವನು ಕೃತಜ್ಞನಾಗಿರುವುದು ಸಹಜ, ಆದರೆ ಆ ಕೃತಜ್ಞತೆ ಯಾರ ಖಾತೆಗೆ ಜಮೆಯಾಯಿತು ಎಂಬುದು ಬೇರೆ ಮಾತು. ಇಂದಿರಾ ಅವರಿಂದ ಬೇರೆಯಾಗಿ ಅರಸರು 1980ರ ಲೋಕಸಭಾ ಚುನಾವಣೆ ಎದುರಿಸಿದಾಗ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋಯಿತು. ಭೂಮಿ ಕೊಟ್ಟವರು ಅರಸರಾದರೂ, ಜನ ನೋಡಿದ್ದು ಹಸ್ತದ ಗುರುತನ್ನು.

ನಲವತ್ತಮೂರು ವರ್ಷಗಳ ನಂತರ, 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಾಂಗ್ರೆಸ್ ಕಾರ್ಯಕರ್ತರು ಮನೆ ಮನೆಗೆ ಹಂಚಿದ, ಇಬ್ಬರು ನಾಯಕರ ಸಹಿಯುಳ್ಳ ಗ್ಯಾರಂಟಿ ಕಾರ್ಡು ಅದೇ ಹಗ್ಗದ ಇನ್ನೊಂದು ಎಳೆ. ಯೋಜನೆ ಸರ್ಕಾರದ್ದಾದರೂ ಕಾರ್ಡು ಪಕ್ಷದ್ದು, ಅದನ್ನು ಹಿಡಿದು ಬಾಗಿಲು ತಟ್ಟಲು ಕಾರ್ಯಕರ್ತನಿಗೆ ಒಂದು ಕಾರಣವೂ ಸಿಕ್ಕಿತು. 2024ರ ಮೇ 2ರಂದು ಚುನಾವಣಾ ಆಯೋಗವು, ಚುನಾವಣೆಯ ನಂತರದ ಯೋಜನೆಗಳಿಗೆ ಸಮೀಕ್ಷೆಯ ನೆಪದಲ್ಲಿ ಮತದಾರರ ವಿವರ ನೋಂದಾಯಿಸಿಕೊಳ್ಳುವುದನ್ನು ಕೂಡಲೇ ನಿಲ್ಲಿಸಬೇಕೆಂದು ಎಲ್ಲ ಪಕ್ಷಗಳಿಗೂ ಸೂಚಿಸಬೇಕಾಗಿ ಬಂತು.

ಒಂದು ಪುಟ, ಒಬ್ಬ ಪ್ರಮುಖ

ಪಟ್ಟಿಯನ್ನೇ ಸಂಘಟನೆಯ ಅಡಿಪಾಯವಾಗಿಸಿದ ಕೀರ್ತಿ ಭಾರತೀಯ ಜನತಾ ಪಕ್ಷಕ್ಕೆ ಸಲ್ಲಬೇಕು. ಮತದಾರರ ಪಟ್ಟಿಯ ಒಂದೊಂದು ಪುಟಕ್ಕೂ ಒಬ್ಬೊಬ್ಬ ‘ಪೇಜ್ ಪ್ರಮುಖ’ನನ್ನು ನೇಮಿಸಿ, ಆ ಪುಟದಲ್ಲಿರುವ ಮತದಾರರ ಮನೆಗಳ ಹೊಣೆಯನ್ನು ಅವನಿಗೆ ಒಪ್ಪಿಸುವ ಈ ಪದ್ಧತಿಯಲ್ಲಿ, ಹಿಂದೆ ಊರಗೌಡ ಮಾಡುತ್ತಿದ್ದ ಕೆಲಸವನ್ನು ಹತ್ತಾರು ಸಾಮಾನ್ಯ ಕಾರ್ಯಕರ್ತರಿಗೆ ಸಣ್ಣ ಸಣ್ಣ ತುಂಡಾಗಿ ಹಂಚಲಾಗುತ್ತದೆ. ಅದರ ಹಿಂದೆ ರಾಷ್ಟ್ರೀಯ ಸ್ವಯಂಸೇವಕ ಸಂಘದ ದಶಕಗಳ ಶಾಖಾ ಜಾಲವಿದೆ; ಆ ಜಾಲವಿಲ್ಲದೆ ಕಾಗದದ ಮೇಲೆ ಪುಟ ಪ್ರಮುಖರನ್ನು ನೇಮಿಸಿದ ಪಕ್ಷಗಳಿಗೆ ಅದೇ ಫಲ ಸಿಗಲಿಲ್ಲ.

ಸದಸ್ಯತ್ವವೂ ಹಗುರಾಯಿತು. 2014ರ ನವೆಂಬರಿನಲ್ಲಿ ಬಿಜೆಪಿ ಮಿಸ್ಡ್ ಕಾಲ್ ಮೂಲಕ ಸದಸ್ಯತ್ವ ಆರಂಭಿಸಿ, ಮರುವರ್ಷವೇ ಚೀನಾದ ಕಮ್ಯುನಿಸ್ಟ್ ಪಕ್ಷವನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಪಕ್ಷವಾಗಿರುವುದಾಗಿ ಹೇಳಿಕೊಂಡಿತು. ತಿಂಗಳಿಗೆ 2000 ಗಜ ನೂಲು ಕೇಳಿದ ದೇಶದಲ್ಲಿ, ಸದಸ್ಯನಿಂದ ಈಗ ಒಂದು ಪೈಸೆಯ ಕರೆಯ ಖರ್ಚನ್ನೂ ಕೇಳುವುದಿಲ್ಲ. ಅವನ ದೂರವಾಣಿ ಸಂಖ್ಯೆ ಸಿಕ್ಕರೆ ಪಕ್ಷಕ್ಕೆ ಬೇಕಾದುದು ಸಿಕ್ಕಿತು. ಇದು ಭಾರತದ ಕಥೆ ಮಾತ್ರವಲ್ಲ. 1950ರ ದಶಕದ ಆರಂಭದಲ್ಲಿ ಸುಮಾರು 28 ಲಕ್ಷ ಸದಸ್ಯರಿದ್ದ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದಲ್ಲಿ, 2024ರ ನಾಯಕತ್ವದ ಚುನಾವಣೆಗೆ ಮತದಾನದ ಹಕ್ಕಿದ್ದ ಸದಸ್ಯರು 1,31,680 ಮಾತ್ರ. ಆದರೂ ಅವರ ಮತದಿಂದ ನಾಯಕ ಆಯ್ಕೆಯಾಗುತ್ತಾನೆ, ಅಷ್ಟರ ಮಟ್ಟಿಗೆ ಅಲ್ಲಿನ ಸದಸ್ಯತ್ವಕ್ಕೆ ಬೆಲೆಯಿದೆ.

ಪಟ್ಟಿಯ ರಾಜಕಾರಣಕ್ಕೆ ಇನ್ನೊಂದು ಮುಖವಿದೆ. ವಿದ್ಯುನ್ಮಾನ ಮತಯಂತ್ರಗಳನ್ನು ಬೂತ್‌ವಾರು ಎಣಿಸುವುದರಿಂದ ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬುದು ‘ಫಾರ್ಮ್ 20’ ಎಂಬ ದಾಖಲೆಯಲ್ಲಿ ಬಹಿರಂಗವಾಗಿರುತ್ತದೆ. ಒಬ್ಬ ವ್ಯಕ್ತಿಯ ಮತ ಗುಟ್ಟಾಗಿ ಉಳಿದರೂ ಒಂದು ಕೇರಿಯ ಮತ ಗುಟ್ಟಾಗಿ ಉಳಿಯುವುದಿಲ್ಲ. ಗೆದ್ದವನಿಗೆ ಯಾವ ಕೇರಿಗೆ ರಸ್ತೆ ಕೊಡಬೇಕು, ಯಾವುದಕ್ಕೆ ಬೇಡ ಎಂಬ ಪ್ರಲೋಭನೆ ಹುಟ್ಟುವುದು ಈ ದಾಖಲೆಯಿಂದ.

> ಹದಿನಾಲ್ಕು ಬೂತ್ ಒಟ್ಟಿಗೆ
>
> ಹದಿನಾಲ್ಕು ಬೂತ್‌ಗಳ ಮತಗಳನ್ನು ಒಟ್ಟಿಗೆ ಬೆರೆಸಿ ಎಣಿಸುವ ‘ಟೋಟಲೈಸರ್’ ಎಂಬ ಸಾಧನವನ್ನು ಬಳಸಬೇಕೆಂದು ಚುನಾವಣಾ ಆಯೋಗ 2008ರಲ್ಲಿಯೇ ಸಲಹೆ ನೀಡಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ.

ಒಳಗೆ ಯಾರ ಮಾತು?

ಪಕ್ಷಗಳು ಜನರನ್ನು ಇಷ್ಟು ಹತ್ತಿರದಿಂದ ಅಳೆಯುವಾಗ ಪಕ್ಷಗಳನ್ನು ಅಳೆಯುವ ಕಾನೂನು ಮಾತ್ರ ತೆಳ್ಳಗಿದೆ. ಪ್ರಜಾಪ್ರತಿನಿಧಿ ಕಾಯ್ದೆಗೆ 1988ರ ತಿದ್ದುಪಡಿಯಿಂದ ಸೇರಿದ 29ಎ ಕಲಮು ಪಕ್ಷಗಳ ನೋಂದಣಿಗೆ ಸಂಬಂಧಿಸಿದ್ದು. ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವಗಳಿಗೆ ನಿಷ್ಠೆ ಘೋಷಿಸಬೇಕೆಂದು ಅದು ಕೇಳುತ್ತದೆ. ಘೋಷಣೆಯನ್ನು ಮುರಿದ ಪಕ್ಷದ ನೋಂದಣಿಯನ್ನು ರದ್ದುಪಡಿಸುವ ಸಾಮಾನ್ಯ ಅಧಿಕಾರ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಪಕ್ಷದೊಳಗಿನ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕೆಂದು 1999ರಲ್ಲಿಯೇ ಕಾನೂನು ಆಯೋಗ ಮಾಡಿದ ಶಿಫಾರಸು ಕಡತದಲ್ಲಿಯೇ ಇದೆ.

ಅತ್ತ 1985ರ ಪಕ್ಷಾಂತರ ನಿಷೇಧ ಕಾನೂನು ಶಾಸಕರನ್ನು ಪಕ್ಷದ ವಿಪ್‌ಗೆ, ಅಂದರೆ ಸದನದಲ್ಲಿ ಹೀಗೆಯೇ ಮತ ಹಾಕಬೇಕೆಂಬ ಆದೇಶಕ್ಕೆ, ಕಟ್ಟಿಹಾಕಿತು. ಟಿಕೆಟ್ ಕೊಡುವವನೂ ವಿಪ್ ಹೊರಡಿಸುವವನೂ ಒಬ್ಬನೇ ಆದಾಗ ಶಾಸಕನು ತನ್ನ ಕ್ಷೇತ್ರಕ್ಕಿಂತ ಹೆಚ್ಚಾಗಿ ಅವನಿಗೆ ಉತ್ತರದಾಯಿಯಾಗುತ್ತಾನೆ. ಹಣದ ವಿಷಯವೂ ಹೀಗೆಯೇ. ನಾಲ್ಕಾಣೆ ಕೊಟ್ಟವನು ಲೆಕ್ಕ ಕೇಳಬಹುದಿತ್ತು. 2018ರಲ್ಲಿ ಬಂದು, 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ರದ್ದುಪಡಿಸಿದ ಚುನಾವಣಾ ಬಾಂಡ್ ಯೋಜನೆಯಲ್ಲಿ, ಕೊಟ್ಟವರು ಯಾರೆಂದು ತಿಳಿಯುವ ಹಕ್ಕೂ ಮತದಾರನಿಗೆ ಇರಲಿಲ್ಲ.

2022ರ ಅಕ್ಟೋಬರಿನಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರು 7,897 ಮತ ಪಡೆದು, ಶಶಿ ತರೂರ್ ಅವರನ್ನು ಸೋಲಿಸಿ ಕಾಂಗ್ರೆಸ್ ಅಧ್ಯಕ್ಷರಾದದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ. ಮತ ಹಾಕಿದವರು ಪ್ರತಿನಿಧಿಗಳು, ಸಾಮಾನ್ಯ ಸದಸ್ಯರಲ್ಲ. ಆದರೂ ಪೈಪೋಟಿಯಿತ್ತು, ಎಣಿಕೆಯಿತ್ತು. ಬೇರೆ ದೊಡ್ಡ ಪಕ್ಷಗಳಲ್ಲಿ ಅಷ್ಟನ್ನೂ ಕಾಣುವುದು ಕಷ್ಟ.

ಬಿಹಾರ ಮತ್ತು ಆಳಂದ

ಪಟ್ಟಿಯ ಮೇಲೆ ನಿಂತ ಸಂಘಟನೆ, ಪಟ್ಟಿಯೇ ಅಪಾಯಕ್ಕೆ ಸಿಕ್ಕಾಗ ಏನು ಮಾಡಿತು? 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯ ನಂತರ ಆಗಸ್ಟ್ 1ರಂದು ಪ್ರಕಟವಾದ ಕರಡಿನಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಪಕ್ಷಗಳು ನೇಮಿಸಿದ ಬೂತ್ ಮಟ್ಟದ ಏಜೆಂಟರು ಸುಮಾರು 1.6 ಲಕ್ಷ ಇದ್ದರೂ ಅವರಿಂದ ಬಂದ ಆಕ್ಷೇಪಣೆಗಳು ಎರಡೇ ಎಂಬುದನ್ನು ಕಂಡು ಸುಪ್ರೀಂ ಕೋರ್ಟ್ ಅಚ್ಚರಿ ವ್ಯಕ್ತಪಡಿಸಿತು. ತಮ್ಮ ಏಜೆಂಟರ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲವೆಂದು ಕೆಲವು ಪಕ್ಷಗಳು ದೂರಿದವು. ಆ ದೂರು ನಿಜವೇ ಇದ್ದರೂ, ಮತ ಕೇಳಲು ಮೂರು ಸಲ ಬಾಗಿಲು ತಟ್ಟುವ ಪಕ್ಷಗಳು ಹೆಸರು ಉಳಿಸಲು ಒಂದು ಸಲ ತಟ್ಟಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮೊದಲು ಹೆಸರು ತೆಗೆಯುವಂತೆ ಕೋರುವ ‘ಫಾರ್ಮ್ 7’ ಅರ್ಜಿಗಳು ಆನ್‌ಲೈನ್ ಮೂಲಕ 6,018 ಬಂದವು. ಬೂತ್ ಮಟ್ಟದ ಅಧಿಕಾರಿಯೊಬ್ಬರಿಗೆ ತಮ್ಮ ಹತ್ತಿರದ ಬಂಧುವಿನ ಹೆಸರೇ ಅದರಲ್ಲಿ ಕಾಣಿಸಿತು. ಅರ್ಜಿ ಹಾಕಿದವರೆಂದು ನಮೂದಾಗಿದ್ದ ನೆರೆಮನೆಯವರನ್ನು ವಿಚಾರಿಸಿದರೆ, ಅವರಿಗೆ ಅದರ ಸುಳಿವೇ ಇರಲಿಲ್ಲ. ಮನೆ ಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದ ಅರ್ಜಿಗಳು 24 ಮಾತ್ರ. ಉಳಿದ 5,994 ತಿರಸ್ಕೃತವಾದವು, ಪ್ರಕರಣ ದಾಖಲಾಯಿತು. ಊರಿನವರ ಮುಖಪರಿಚಯವಿದ್ದ ಒಬ್ಬ ಅಧಿಕಾರಿಯ ಕಣ್ಣಿಗೆ ಬೀಳದೆ ಹೋಗಿದ್ದರೆ ಆ ಹೆಸರುಗಳು ಪಟ್ಟಿಯಿಂದ ಸದ್ದಿಲ್ಲದೆ ಅಳಿಸಿಹೋಗುವ ಸಂಭವವಿತ್ತು.

ಕರಡು ಪಟ್ಟಿ ಪ್ರಕಟವಾದಾಗ ಮತದಾರರು ತಮ್ಮ ಮನೆಯವರ ಹೆಸರನ್ನು ಮೊದಲು ತಾವೇ ನೋಡಿಕೊಳ್ಳುವುದು ಕ್ಷೇಮ. ಮುಂದಿನ ಸಲ ಯಾವುದೇ ಪಕ್ಷದ ಕಾರ್ಯಕರ್ತರು ಚೀಟಿಯನ್ನೋ ಕಾರ್ಡನ್ನೋ ಹಿಡಿದು ಬಾಗಿಲಿಗೆ ಬಂದಾಗ ಅವರನ್ನು ಎರಡು ಪ್ರಶ್ನೆ ಕೇಳಬೇಕು: ಈ ಬೂತ್‌ಗೆ ನಿಮ್ಮ ಪಕ್ಷದ ಏಜೆಂಟ್ ಯಾರು, ಮತ್ತು ಈ ಕ್ಷೇತ್ರದ ನಿಮ್ಮ ಅಭ್ಯರ್ಥಿಯನ್ನು ಆರಿಸುವಾಗ ನಿಮ್ಮ ಅಭಿಪ್ರಾಯವನ್ನು ಯಾರಾದರೂ ಕೇಳಿದರೇ?